ಪಾರ್ಲರ್ ಚಿಕ್ಕಮ್ಮನ ಕುರ್ಚಿಗಳಲ್ಲಿ ನಡೆದ ವಿಚಾರಣೆ

ನಮ್ಮ ವಂಶದ ಸುಪ್ರೀಂ ಕೋರ್ಟು ಒಂದು ಲೇಡೀಸ್ ಪಾರ್ಲರ್. ಅಷ್ಟು ಜನ ಕೂರುವಷ್ಟು ಕುರ್ಚಿಗಳು ಬೇರೆ ಯಾರ ಮನೆಯಲ್ಲೂ ಇಲ್ಲ ಎಂಬುದೊಂದೇ ಇದಕ್ಕೆ ಕಾರಣ. ಆಸ್ತಿಯ ಜಗಳವಿರಲಿ, ಸಂಬಂಧ ಕುದುರಿಸುವುದಿರಲಿ, ವಾರದ ರಜೆಯಂದು ಷಟರ್ ಅರ್ಧ ಎಳೆದು ಹಿರಿಯರು ತಿರುಗುವ ಕುರ್ಚಿಗಳ ಮೇಲೆ ವಿರಾಜಮಾನರಾಗುತ್ತಾರೆ. ದೊಡ್ಡ ಕನ್ನಡಿಯ ಮುಂದಿನ ಸಿಂಹಾಸನ ದೊಡ್ಡಮಾವನದು. ಜೀವಮಾನವಿಡೀ ನೀರಿನ ಮೀಟರ್ ಓದಿದ ಅವರು ನಿವೃತ್ತಿಯಾದ ಮೇಲೆ ಮನುಷ್ಯರನ್ನು ಓದಲು ಹೊರಟಿದ್ದರು.

ಈ ಸಾಮ್ರಾಜ್ಯದ ಒಡತಿ ಅವರ ಕೊನೆಯ ತಂಗಿ, ಎಲ್ಲರಿಗೂ ಪಾರ್ಲರ್ ಚಿಕ್ಕಮ್ಮ. ಯಾರದೋ ಗ್ಯಾರೇಜಿನ ಮೂಲೆಯಲ್ಲಿ ಒಂದು ಕತ್ತರಿ, ಒಂದು ಒಡಕು ಕನ್ನಡಿ ಇಟ್ಟುಕೊಂಡು ದಂಡಯಾತ್ರೆ ಶುರುಮಾಡಿ, ಊರಿನ ಅರ್ಧ ತಲೆಗಳನ್ನು ಗೆದ್ದವಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಇರೋ ತಲೆಗಳನ್ನ ಬಾಚೋಕೇ ಪುರುಸೊತ್ತಿಲ್ಲ, ಇನ್ನೊಂದು ಯಾಕೆ?" ಎನ್ನುತ್ತಿದ್ದಳು. ವಿಚಾರಣೆಗಳಲ್ಲಿ ಅವಳ ಪಾತ್ರ ಕಾಫಿ ಕೊಡುವುದಷ್ಟೇ.

ಆ ದಿನದ ಮೊಕದ್ದಮೆ ಚಿಕ್ಕಮ್ಮನ ಅಕ್ಕನ ಮಗಳದು. ಗಂಡ ಹೊಡೆಯುತ್ತಾನೆ, ವಾಪಸ್ ಹೋಗುವುದಿಲ್ಲ ಎಂದು ಅವಳು ತೌರಿಗೆ ಬಂದಿದ್ದಳು. ಸಂಜೆ ಅವನು ಕಾರು ತರುವವನಿದ್ದ. ಅವಳನ್ನು ಹತ್ತಿಸಬೇಕೋ ಬೇಡವೋ, ಅದು ತೀರ್ಮಾನವಾಗಬೇಕಿತ್ತು.

ಹುಡುಗಿ ಮೂಲೆಯ ಸ್ಟೂಲಿನಲ್ಲಿ ಕೂತು, ದಿನಸಿ ಪಟ್ಟಿ ಓದಿದ ಹಾಗೆ ಎಲ್ಲ ಹೇಳಿದಳು. ನಡುವೆ ಒಮ್ಮೆ ನಕ್ಕೂಬಿಟ್ಟಳು. ಸಭೆಗೆ ಅಷ್ಟೇ ಸಾಕಾಯಿತು.

"ಕಣ್ಣಲ್ಲಿ ಒಂದು ಹನಿ ನೀರಿಲ್ವಲ್ಲ!" ಎಂದರು ದೊಡ್ಡತ್ತೆ. "ನಿಜ ಆಗಿದ್ರೆ ಹೀಗೆ ನಗ್ತಿದ್ಲಾ?"

"ಗಾಯಾನೂ ಇಲ್ಲ," ಎಂದರು ದೊಡ್ಡಮಾವ. "ಅವನೋ, ದನಿ ಎತ್ತಿ ಮಾತಾಡಿದವನಲ್ಲ. ನನ್ನ ಬ್ಯಾಗು ಅವನೇ ಹೊರ್ತಾನೆ. ಹೋಗಲಿ, ಮೊದಲ ಸಲಾನೇ ಯಾಕಮ್ಮ ಹೇಳ್ಲಿಲ್ಲ?"

"ಮೊನ್ನೆ ನೆಂಟರ ಮದುವೆ ಫೋಟೋದಲ್ಲಿ ಅವನ ಪಕ್ಕದಲ್ಲೇ ಹಲ್ಲು ಬಿಟ್ಕೊಂಡು ನಿಂತಿದ್ಲು," ಎಂದು ದೊಡ್ಡತ್ತೆ ಸಾಕ್ಷ್ಯ ಒದಗಿಸಿದರು.

ಹುಡುಗಿ ಚಪ್ಪಲಿಗಾಗಿ ಕಾಲಲ್ಲೇ ತಡಕಾಡಿದಳು. "ಬಿಡಿ ಮಾವ. ವಾಪಸ್ ಹೋಗ್ತೀನಿ."

ಆಗ ಕಾಫಿ ತಟ್ಟೆ ಹಿಡಿದು ಸಿಂಹಾಸನದ ಹಿಂದೆ ನಿಂತಿದ್ದ ಚಿಕ್ಕಮ್ಮ, ಕುರ್ಚಿ ಇಳಿಸುವ ಪೆಡಲಿನ ಮೇಲೆ ಪಾದವಿಟ್ಟು ಒತ್ತಿದಳು. ಉಸ್ಸ್ ಎಂದು ದೀರ್ಘವಾಗಿ ಉಸಿರು ಬಿಡುತ್ತ ಸಿಂಹಾಸನ ಪಾತಾಳಕ್ಕಿಳಿಯಿತು. ನ್ಯಾಯಮೂರ್ತಿಗಳ ಮಂಡಿ ಗಲ್ಲಕ್ಕೆ ಬಂತು.

"ಅಯ್ಯೋ! ನನ್ನ ಬೆನ್ನು!"

ಬೆನ್ನೆಂದರೆ ಸಾಮಾನ್ಯ ಬೆನ್ನಲ್ಲ. ಯಾವ ಎಕ್ಸ್‌ರೇಗೂ ಸಿಕ್ಕದ, ಯಾವ ಡಾಕ್ಟರಿಗೂ ಕಾಣದ, ಆದರೂ ಇಡೀ ವಂಶ ಹೊತ್ತು ಮೆರೆಸುತ್ತಿದ್ದ ಬೆನ್ನು. ದೊಡ್ಡತ್ತೆ ದಿಂಬಿಗೆ ಓಡಿದರು. ಹುಡುಗಿಯ ಅಮ್ಮ ಮುಲಾಮಿಗೆ ಓಡಿದಳು.

"ನಿಲ್ಲಿ ಎಲ್ರೂ," ಎಂದಳು ಚಿಕ್ಕಮ್ಮ. "ಅಣ್ಣ, ಗಾಯ ಎಲ್ಲಿ? ಕಣ್ಣೀರೂ ಇಲ್ವಲ್ಲ. ಮೊನ್ನೆ ಅದೇ ಫೋಟೋದಲ್ಲಿ ನೀನೂ ಹಲ್ಲು ಬಿಡ್ತಿದ್ದೆ. ನೋವು ನಿಜ ಆಗಿದ್ರೆ ನಗ್ತಿದ್ಯಾ?"

"ಏಯ್, ನೋವು ನನಗಲ್ವೇನೇ ಗೊತ್ತಿರೋದು! ಜನರ ಮುಂದೆ ನರಳ್ತಾ ನಿಲ್ಲೋಕಾಗುತ್ತಾ?"

ಹೇಳಿದ ಮೇಲೆ ದೊಡ್ಡಮಾವ ತಲೆ ಎತ್ತಿದರು. ಎದುರಿನ ಕನ್ನಡಿಯಲ್ಲಿ ಮಂಡಿಗಳ ನಡುವೆ ತಮ್ಮ ಮುಖ, ಅದರ ಹಿಂದೆ ಸೋದರಸೊಸೆಯ ಮುಖ. ಅವಳು ಅವರನ್ನೇ ನೋಡುತ್ತಿದ್ದಳು.

"ನಿನ್ನ ಬೆನ್ನನ್ನ ನಾವು ನೋಡಿ ನಂಬಿದ್ದಲ್ಲಣ್ಣ," ಎಂದಳು ಚಿಕ್ಕಮ್ಮ, ಈ ಸಲ ಮೆತ್ತಗೆ. "ನೀನು ಹೇಳ್ದೆ, ನಂಬಿದ್ವಿ."

ಅಕ್ಕ ಮುಲಾಮಿನ ಡಬ್ಬಿ ಹಿಡಿದೇ ಮಗಳ ಪಕ್ಕ ಹೋಗಿ ನೆಲದ ಮೇಲೆ ಕೂತಳು. "ನಾನು ನಂಬ್ತೀನಿ ಮಗಳೇ. ಬಂದ ದಿನಾನೇ ನಾನಿದನ್ನ ಹೇಳ್ಬೇಕಿತ್ತು."

ಹುಡುಗಿ ಆಗಲೂ ಅಳಲಿಲ್ಲ. ಅಮ್ಮನ ಹೆಗಲಿಗೆ ಒರಗಿ, "ಕಾಫಿ ಉಳಿದಿದ್ಯಾ?" ಎಂದಳು.

ಹೊರಗೆ ಕಾರು ನಿಂತಿತು. ಷಟರಿನ ಕೆಳಗೆ ಬಗ್ಗಿ, ಹೆಂಡತಿಗೆ ಚಳಿಯಾದೀತೆಂದು ಶಾಲು ಹಿಡಿದು, ಎಲ್ಲರಿಗೂ ಹಂಚುವಂಥ ನಗೆ ನಗುತ್ತ ಅಳಿಯ ಒಳಬಂದ. ದೊಡ್ಡಮಾವನ ನಾಲಿಗೆಯ ತುದಿಗೆ ಎಂಥ ಒಳ್ಳೆಯ ಹುಡುಗ ಎಂಬ ಮಾತು ಅಭ್ಯಾಸಬಲದಿಂದ ಬಂದೇಬಿಟ್ಟಿತು. ಅವರು ಅದನ್ನು ಗುಳಿಗೆಯಂತೆ ನುಂಗಿ, ಕುರ್ಚಿಯಿಂದ ಕಷ್ಟಪಟ್ಟು ಎದ್ದು, ಅವನಿಗೆ ಅಡ್ಡ ನಿಂತರು.

"ಅವಳು ಬರಲ್ಲಪ್ಪ."

"ಮಾವ, ನನ್ನ ಮಾತೂ ಒಂದು ಸಲ..."

"ಹೇಳ್ಬೇಕಾದ ಕಡೆ ಹೇಳು, ಕೇಳ್ತಾರೆ. ಬರಲ್ಲ ಅಂದಿದ್ದಾಳೆ. ಇಲ್ಲಿಗೆ ಅಷ್ಟು ಸಾಕು."

ಅವನು ನಗುತ್ತಲೇ ಬಂದಿದ್ದ, ನಗುತ್ತಲೇ ಹೋದ. ಅವನ ಮುಖವಾಡ ಕಳಚಿ ಬೀಳಲಿಲ್ಲ, ಆಕಾಶ ಗುಡುಗಲಿಲ್ಲ. ಪುರಾವೆ ಸಿಕ್ಕಿತೆಂದು ನಿಟ್ಟುಸಿರು ಬಿಡುವ ಭಾಗ್ಯ ಸಭೆಗೆ ದಕ್ಕಲಿಲ್ಲ. ಕಾರಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು.

"ನಾಳೆ ಲಾಯರ್ ಹತ್ರ ಹೋಗ್ಬೇಕು," ಎಂದಳು ಹುಡುಗಿ. "ಅಮ್ಮ, ಚಿಕ್ಕಮ್ಮ, ನೀವಿಬ್ರೂ ಬನ್ನಿ. ಮಾವ ಬೇಡ, ಅವರು ತುಂಬಾ ಮಾತಾಡ್ತಾರೆ."

"ನಾನು ಹೊರಗಡೆ ಬೆಂಚಿನ ಮೇಲೆ ಕೂತಿರ್ತೀನಿ," ಎಂದರು ದೊಡ್ಡಮಾವ. "ಬಾಯೇ ಬಿಡಲ್ಲ."

ಹುಡುಗಿ ಲೋಟ ಕೆಳಗಿಟ್ಟು ಅವರ ಕಡೆ ತಿರುಗಿದಳು.

"ಸರಿ, ಬನ್ನಿ. ದಿಂಬು ತಗೊಳ್ಳಿ, ಅಲ್ಲಿ ಬರೀ ಮರದ ಬೆಂಚು."