ನಜ್ಲಾ ಎತ್ತದ ಕಾಫಿ ತಟ್ಟೆ

ಅರವತ್ತು ಕಿಲೋ ತೂಕ ಇಳಿದ ಮೇಲೆ ಜೋತುಬಿದ್ದ ಎದೆಯನ್ನು ನಜ್ಲಾ ಬೈರೂತಿನ ಆಸ್ಪತ್ರೆಯೊಂದರಲ್ಲಿ ಸರಿಮಾಡಿಸಿಕೊಂಡು ಹನ್ನೊಂದು ದಿನವಾಗಿತ್ತು. ಆರು ವಾರದೊಳಗೆ ಭಾರ ಎತ್ತಿದರೆ ಹೊಲಿಗೆ ಬಿಚ್ಚೀತೆಂದು ವೈದ್ಯರು ಎಚ್ಚರಿಸಿದ್ದರು. ಅಂಥ ಹೊತ್ತಿನಲ್ಲಿ ನಾದಿನಿ ನುಹಾದ್ ನೆರೆಯ ಮೂವರು ಹೆಂಗಸರನ್ನು ಬೆಳಗಿನ ಕಾಫಿಗೆ ಕರೆತಂದಳು. ದಪ್ಪಗಿದ್ದಾಗ ಆನೆಮರಿಯೆಂದು ಆಡಿಕೊಂಡವರೇ ಈಗ ನಾಚಿಕೆಗೆಟ್ಟವಳೆನ್ನಲು ಬಂದಿದ್ದರು.

"ಈ ವಯಸ್ಸಲ್ಲಿ ಯಾರಿಗೆ ತೋರ್ಸೋಕೆ ಅತ್ತಿಗೆ?" ಎಂದಳು ನುಹಾದ್.

"ಕನ್ನಡಿಗೆ."

"ಇರ್ಲಿ, ಕಾಫಿ ತನ್ನಿ. ಮನೆಯೊಡತಿ ಕೈಯಾರೆ ತರ್ದಿದ್ರೆ ನಮಗೆ ಅವಮಾನ."

ಹಿತ್ತಾಳೆ ತಟ್ಟೆಯೇ ಮೂರು ಕಿಲೋ ತೂಗುತ್ತಿತ್ತು. ನಜ್ಲಾ ಕುರ್ಚಿ ಬಿಟ್ಟು ಏಳಲಿಲ್ಲ.

"ಹಂಗಾದ್ರೆ ಅವಮಾನಾನೇ ಕುಡ್ಕೊಂಡು ಹೋಗಿ."

ಬಂದವರು ಎದ್ದು ಹೋದರೆ ಊರಿಗೆ ಹಂಚಲು ಸುದ್ದಿ ಸಿಗುವುದಿಲ್ಲವಲ್ಲ! ಅರ್ಧ ಗಂಟೆ ಗೊಣಗಿದ ಮೇಲೆ ನುಹಾದ್ ತಾನೇ ಹೋಗಿ ಒಲೆ ಹಚ್ಚಿದಳು.

"ನನ್ನದಕ್ಕೆ ಸಕ್ಕರೆ ಬೇಡ ಕಣೇ," ಎಂದು ನಜ್ಲಾ ಕೂತಲ್ಲಿಂದಲೇ ಕೂಗಿದಳು.