ಒಂದು ಚಮಚ ಹೆಪ್ಪು

ಲೋಕಲ್ ರೈಲು ತಪ್ಪಬಹುದಿತ್ತು. ಹತ್ತಿದರೂ ಡೊಂಬಿವಲಿಯ ನೂಕಾಟದಲ್ಲಿ ಮೊಸರಿನ ಡಬ್ಬಿ ನಜ್ಜುಗುಜ್ಜಾಗಬಹುದಿತ್ತು. ಯಾರದೋ ಇಸ್ತ್ರಿ ಅಂಗಿಯ ಮೇಲೆ ಮೊಸರು ಚೆಲ್ಲಿ ನಾನು ಥಾಣೆ ನಿಲ್ದಾಣದವರೆಗೂ ಬೈಸಿಕೊಳ್ಳಬಹುದಿತ್ತು. ಆಸ್ಪತ್ರೆಯ ವಾಚ್‌ಮನ್ ತಡೆಯಬಹುದಿತ್ತು. ಅದಕ್ಕೂ ಮೊದಲು ಮೊಸರೇ ಹೆಪ್ಪುಗಟ್ಟದೆ ಹೋಗಬಹುದಿತ್ತು. ಐವತ್ತು ದಾಟುವುದರೊಳಗೆ ನಾನು ಕಲಿತ ವಿದ್ಯೆ ಇದೊಂದೇ: ಮುಂಗಡ ಹೆದರುವುದು.

ಮೇಲಿನ ಮನೆಯ ಮೇಡಂ ಹಾಗಲ್ಲ. ಹಾಲಿನ ಬಿಸಿ ನೋಡಲು ಕಿರುಬೆರಳು ಅದ್ದಿ, ಅದನ್ನು ಕಿವಿಯ ಪಕ್ಕದ ನರೆಗೂದಲಿಗೇ ಒರೆಸಿಕೊಳ್ಳುತ್ತಿದ್ದರು. ಅಲ್ಲಿ ಕೂದಲಿನ ಒಂದು ಎಳೆ ಸದಾ ಹಾಲಿನಿಂದ ಅಂಟಿಕೊಂಡಿರುತ್ತಿತ್ತು. ನವಿ ಮುಂಬಯಿಯ ಲ್ಯಾಬೊಂದರಲ್ಲಿ ಅವರು ಭೌತವಿಜ್ಞಾನಿ. ಚದುರಿದ ಪ್ರೋಟೀನುಗಳು ಹೇಗೆ ಎಳೆಯಾಗಿ, ಬಲೆಯಾಗಿ ಕೂಡಿಕೊಳ್ಳುತ್ತವೆ ಎಂಬುದೇ ಅವರ ಜೀವಮಾನದ ಕೆಲಸ.

"ಹಾಲಿನ ಪ್ರೋಟೀನು ಉಂಟಲ್ಲ, ಒಂದನ್ನೊಂದು ದೂಡ್ತಾ ಇರ್ತದೆ. ಹುಳಿ ಬಂದ್ರೆ ಆ ದೂಡುವ ವಿದ್ಯುತ್ತು ಹೋಗ್ತದೆ. ಮತ್ತೆ ಡಿಕ್ಕಿ ಹೊಡೆದದ್ದೆಲ್ಲ ಅಂಟಿಕೊಳ್ತದೆ. ಯಾರೂ ಜೋಡಿಸುವುದಿಲ್ಲ ಮಾರಾಯ್ರೆ. ನೀವು ಅಲುಗಿಸದಿದ್ರೆ ಸಾಕು."

"ಅಲುಗಿಸಿದರೆ?"

"ನಿಮ್ಮ ಹಾಗೆ ಆಗ್ತದೆ. ಎಲ್ಲಿಯೂ ನಿಲ್ಲುವುದಿಲ್ಲ."

ಅವರ ಹೆಪ್ಪು ಕುಂದಾಪುರದ ತಾಯಿಮನೆಯದು. ಕೆಲಸ ಸಿಕ್ಕಿ ಬಂದಾಗ ತಂದದ್ದು. ಅಮ್ಮ ಹೋದ ಮೇಲೂ, ಆ ಮನೆ ಹೋದ ಮೇಲೂ ಇವರ ಅಡುಗೆಮನೆಯಲ್ಲಿ ಅದು ಇಂದಿನಿಂದ ನಾಳೆಗೆ ನಡೆದುಬಂದಿತ್ತು.

ಆಮೇಲೆ ಅವರ ಹೃದಯದಲ್ಲೇ ಒಂದು ಪ್ರೋಟೀನು ಮಡಿಕೆ ತಪ್ಪಿ ಎಳೆಗಟ್ಟತೊಡಗಿತು. "ಇದನ್ನೂ ಯಾರೂ ಜೋಡಿಸ್ತಾ ಇಲ್ಲ," ಎಂದರು, ರೈಲು ಲೇಟು ಎನ್ನುವ ದನಿಯಲ್ಲಿ. ಆಸ್ಪತ್ರೆಗೆ ಹೊರಡುವಾಗ ಹೆಪ್ಪಿನ ಬಟ್ಟಲನ್ನು ನನ್ನ ಕೈಗಿತ್ತರು. "ಇದೊಂದು ನಿಂತುಹೋಗಬಾರ್ದು."

ಕೊನೆಗೊಮ್ಮೆ ಅವರ ಫೋನು ಬಂತು: "ನಮ್ಮ ಮೊಸರು ಒಂದು ತುತ್ತು ತನ್ನಿ."

ಡಬ್ಬಿಗೆ ತುಂಬಿಕೊಂಡು ಹೋದೆ. ದಾರಿಯಲ್ಲಿ ಏನೂ ಆಗಲಿಲ್ಲ. ವಾಚ್‌ಮನ್ ತಲೆ ಕೂಡ ಎತ್ತಲಿಲ್ಲ. ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಮೇಡಂ ನಿಧಾನವಾಗಿ ತಿಂದು, ತಳದಲ್ಲಿ ಒಂದು ಚಮಚದಷ್ಟು ಬಿಟ್ಟು ಮುಚ್ಚಳ ಹಾಕಿದರು.

"ಸಾಲದೆ ಹೋದೀತು ಅಂತ ಮನೆಯಲ್ಲಿದ್ದದ್ದನ್ನೆಲ್ಲ ಬಳಿದು ತಂದಿದ್ದೀರಿ. ನನಗೆ ಗೊತ್ತುಂಟು. ಇದು ಹೆಪ್ಪಿಗೆ."

ನಿಜವಾಗಿಯೂ ಬಳಿದು ತಂದಿದ್ದೆ.

ಡಾಕ್ಟರು ಹೊರಗೆ ಕರೆದು, ಇನ್ನು ಹೆಚ್ಚು ದಿನವಿಲ್ಲ ಎಂದರು. ಆ ವಾರವೇ ಮೇಡಂ ತೀರಿಕೊಂಡರು. ಆ ಸಾವಿನ ಹೆದರಿಕೆ ಬಾಯಿಬಿಟ್ಟು ಹೇಳದಿದ್ದರೂ ನನ್ನೊಳಗೆ ಮೊದಲಿನಿಂದ ಇದ್ದದ್ದೇ. ನಾನು ಹೆದರಲು ಮರೆತದ್ದು ಬೇರೆ.

ಅವತ್ತು ಡಾಕ್ಟರ ಜೊತೆ ಮಾತು ಮುಗಿಸಿ ಒಳಗೆ ಬಂದಾಗ ಮೇಡಂಗೆ ನಿದ್ದೆ. ವಾರ್ಡಿನ ಆಯಾ ನಗುತ್ತ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.

"ಕಾಕಾ, ಡಬಾ ಸ್ವಚ್ಛ ಧುವೂನ್ ಠೇವ್ಲಾಯ್."

ಪಾಪ, ಸೋಪು ಹಾಕಿ ತೊಳೆದಿದ್ದಳು. ಮುಚ್ಚಳದ ಸಂದಿಯಲ್ಲೂ ಏನೂ ಉಳಿದಿರಲಿಲ್ಲ.