ಗೆರೆ ಮುಚ್ಚಿದ ಕವರ್

ಕಟಿಂಗ್ ಮಾಸ್ಟರ್ ಟೇಪು ಹಿಡಿದರೆ ಕಾಲಿಂಚು ಆಚೀಚೆ ಆದದ್ದಿಲ್ಲ. ಯೂನಿಫಾರ್ಮ್ ಹೊಲಿಯುವ ತನ್ನ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದ ಅವನು, ಗಿರಾಕಿ ಮೆಟ್ಟಿಲು ಹತ್ತುವಾಗಲೇ ಸೊಂಟದ ಅಳತೆ ಹೇಳಿಬಿಡುತ್ತಿದ್ದ. ಅಂಥವನು ತನ್ನ ಮೈಗೇ ಸಣ್ಣದಾಗುವ ಸೈಕಲ್ ಫ್ರೇಮ್ ತಂದುಕೊಂಡ ಎಂದರೆ ಯಾರೂ ನಂಬಲಿಕ್ಕಿಲ್ಲ.

ಅದು ಗುಡ್ಡಗಾಡಿನ ರೇಸಿಗೆಂದೇ ಮಾಡಿದ ಹಾರ್ಡ್‌ಟೇಲ್ ಫ್ರೇಮ್. ಶಾಕ್ ಅಬ್ಸಾರ್ಬರ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದೆ ಬರೀ ಗಟ್ಟಿ ಕೊಳವೆ. ಏರಿನಲ್ಲಿ ತುಳಿದ ಬಲವೆಲ್ಲ ನೇರವಾಗಿ ಚಕ್ರಕ್ಕೇ ಹೋಗುತ್ತದೆ. ಎರಡೇ ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಕೊಕ್ಕೆಯಿಂದ ಇಳಿಸುವಾಗಲೇ ಸೈಕಲ್ ಮೆಕ್ಯಾನಿಕ್ ಹೇಳಿದ್ದ.

“ಮಾಸ್ಟ್ರೇ, ಇದು ನಿಮಗೆ ಒಂದು ಸೈಜ್ ಚಿಕ್ಕದು. ದೊಡ್ಡದು ಬರೋಕೆ ಆರು ತಿಂಗಳಾಗತ್ತೆ, ತಾಳ್ಕೊಳ್ಳಿ.”

“ಅಷ್ಟರೊಳಗೆ ರೇಸೇ ಮುಗಿದಿರತ್ತಲ್ಲಪ್ಪಾ. ಆಮೇಲೆ ತಗೊಂಡು ಬಟ್ಟೆ ಒಣಗಿಹಾಕ್ಲಾ?”

ನಲವತ್ತೈದು ದಾಟಿದವರ ಗುಂಪಿನಲ್ಲಿ ಮಾಸ್ಟರ್ ಸತತ ಮೂರು ವರ್ಷ ಎರಡನೆಯವನು. ಮೂರು ಸಲವೂ ಮೊದಲು ಬಂದವನು ಪೋಸ್ಟ್‌ಮ್ಯಾನ್. “ನನ್ನ ಬೆನ್ನಿನ ಅಳತೆ ನಿಮಗೆ ಬಾಯಿಪಾಠ ಆಗಿರಬೇಕಲ್ಲ, ಮಾಸ್ಟ್ರೇ?” ಎಂದು ಅವನು ಸಿಕ್ಕಲ್ಲೆಲ್ಲ ಕೆಣಕುತ್ತಿದ್ದ. ಮಾಸ್ಟರ್ ನಗುತ್ತಿದ್ದ. ನಗು ಗಂಟಲಿನಿಂದ ಕೆಳಗಿಳಿಯುತ್ತಿರಲಿಲ್ಲ.

ಈ ಸಲ ಬಿಟ್ಟರೆ ಇನ್ನಿಲ್ಲ. ಹೋದ ರೇಸಿನ ಮರುವಾರವೇ ಗುಡ್ಡದಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡಾಗ, ಒಂದೂವರೆ ತಿಂಗಳು ಕತ್ತರಿ ಹಿಡಿದವಳು ಹೆಂಡತಿ. “ಗೆಲ್ಲಿ, ಬಿಡಿ, ಮುಂದಿನ ರೇಸೇ ಕೊನೆ. ಮಾತು ಕೊಡಿ ರೀ” ಎಂದು ಅವಳು ಕೈ ಚಾಚಿದಾಗ ಅವನು ಮಾತು ಕೊಟ್ಟಿದ್ದ.

ಚಿಕ್ಕ ಫ್ರೇಮಿನ ಮೇಲೆ ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಸೀಟನ್ನು ಎತ್ತರಿಸಬೇಕು. ಸೀಟು ಹೊತ್ತ ಕಂಬಿಯ ಮೇಲೆ ಒಂದು ಗೆರೆ ಕೊರೆದಿರುತ್ತದೆ. ಅದು ಯಾವಾಗಲೂ ಫ್ರೇಮಿನ ಕೊಳವೆಯ ಒಳಗೇ ಇರಬೇಕು; ಹೊರಬಂದರೆ ಕೂತವನ ಭಾರವೆಲ್ಲ ಕೊಳವೆಯ ಬಾಯಿಗೇ ಬಿದ್ದು ಅದು ಬಿರಿಯುತ್ತದೆ. ಮಾಸ್ಟರಿಗೆ ಅದು ಗೊತ್ತಿತ್ತು. ಆದರೆ ಪ್ಯಾಂಟು ಗಿಡ್ಡವಾದರೆ ಅವನು ಮಾಡುತ್ತಿದ್ದದ್ದೇನು? ಕಾಲಿನ ತುದಿಯ ಮಡಿಕೆ ಬಿಚ್ಚಿ ಇಳಿಸುವುದು. ಮಡಿಕೆ ಇರುವುದೇ ಅದಕ್ಕೆ. ಕೊಳವೆಯೊಳಗಿನ ಕಂಬಿಯೂ ಅವನ ಕಣ್ಣಿಗೆ ಹಾಗೇ ಕಂಡಿತು: ಮುಂದೆ ಬೇಕಾದೀತೆಂದು ಒಳಗೆ ಬಿಟ್ಟ ಬಟ್ಟೆ. ಮೂರು ಬೆರಳಷ್ಟು ಮೇಲಕ್ಕೆಳೆದ. ಗೆರೆ ಹೊರಗೆ ಬಂತು. ಮೆಕ್ಯಾನಿಕ್ ನೋಡಿದರೆ ಬೈಯುತ್ತಾನೆಂದು ಕಪ್ಪು ರೆಕ್ಸಿನ್ ಕತ್ತರಿಸಿ, ಕಂಬಿಯಿಂದ ಕೊಳವೆಯ ಬೆಸುಗೆಯವರೆಗೂ ಇಳಿಯುವ ಕವರ್ ಹೊಲಿದು ಮುಚ್ಚಿಬಿಟ್ಟ. ಕೇಳಿದವರಿಗೆ, “ಕೆಸರು ಸಿಡೀಬಾರದು ಅಂತ.”

ರೇಸಿಗೆ ಎರಡು ತಿಂಗಳಿರುವಾಗ ಸೀಟಿನ ಕೆಳಗೆ ‘ಕಿಟ್’ ಎಂದು ಸದ್ದು ಶುರುವಾಯಿತು. ಹೊಲಿಗೆ ಯಂತ್ರ ಸದ್ದು ಮಾಡಿದರೆ ಎಣ್ಣೆ ಬಿಡುತ್ತಾರೆ. ಅವನು ಅದೇ ಡಬ್ಬಿಯಿಂದ ಪೆಡಲಿಗೆ ಬಿಟ್ಟ, ಚೈನಿಗೆ ಬಿಟ್ಟ, ಕೊನೆಗೆ ಕವರಿನ ಬಾಯಿಂದ ಒಳಕ್ಕೂ ನಾಲ್ಕು ಹನಿ ಬಿಟ್ಟ.

ರೇಸು ನಾಲ್ಕು ಸುತ್ತು. ಮೂರನೆಯ ಸುತ್ತಿನ ಕಲ್ಲೇರಿನಲ್ಲಿ ಪೋಸ್ಟ್‌ಮ್ಯಾನ್ ಗೇರು ಬದಲಿಸಲು ತಡಬಡಿಸಿದ; ಮಾಸ್ಟರ್ ಪಕ್ಕದಿಂದ ಹಾದುಹೋದ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಎದುರಿಗೆ ಯಾರ ಬೆನ್ನೂ ಇರಲಿಲ್ಲ, ಬರೀ ದಾರಿ. ಕೊನೆಯ ಸುತ್ತಿನಲ್ಲಿ ಹಿಂದಿನ ಉಸಿರಾಟವೂ ಕೇಳಿಸದಷ್ಟು ದೂರ ಬಂದಿದ್ದ. ಬೇರುಗಳ ಇಳಿಜಾರು ದಾಟಿ ಸೀಟಿನ ಮೇಲೆ ಕೂತ. ಸೀಟು ಹಿಂದಕ್ಕೆ ವಾಲಿತು. ಕೊಳವೆ ಬೆಸುಗೆಯ ಬಳಿ ಬಾಯಿ ಬಿಟ್ಟು, ಅವನು ಪೊದೆಯೊಳಗೆ ಬಿದ್ದ.

ಪೋಸ್ಟ್‌ಮ್ಯಾನ್ ಬಂದವನು ನಿಂತೇಬಿಟ್ಟ. “ಪೆಟ್ಟಾಯ್ತಾ ಮಾಸ್ಟ್ರೇ? ಕೈ ಕೊಡಿ.”

“ಹೋಗ್ರೀ ನೀವು.”

“ನೀರಾದ್ರೂ ಕುಡೀರಿ.”

“ಹೋಗೀಂದ್ರೆ!”

ಕೆಣಕಿದ್ದರೆ ಎಷ್ಟೋ ವಾಸಿ ಇತ್ತು. ಪೋಸ್ಟ್‌ಮ್ಯಾನ್ ಅಲ್ಲಿ ನಿಂತು ಹೊತ್ತು ಕಳೆದರೂ ಗೆದ್ದ. ಮಾಸ್ಟರ್ ಸೈಕಲನ್ನು ಹೆಗಲ ಮೇಲೆ ಹೊತ್ತು ನಡೆದು ಬರುವಷ್ಟರಲ್ಲಿ ಗೆಲುವಿನ ಗೆರೆಯ ಬಟ್ಟೆ ಬಿಚ್ಚಿ ಸುತ್ತಿಡುತ್ತಿದ್ದರು.

ಮೆಕ್ಯಾನಿಕ್ ಬ್ಲೇಡಿನಿಂದ ಕವರ್ ಸೀಳಿ, ಒಡಕಿನ ಅಂಚಿಗೆ ಬೆರಳಿಟ್ಟು ತೋರಿಸಿದ. “ಈ ಕಪ್ಪಗಿರೋ ಭಾಗ ನೋಡಿ, ಎಣ್ಣೆ ಮಣ್ಣು ಕೂತಿದೆ. ಇದು ಹಳೇ ಬಿರುಕು. ಇಲ್ಲಿ ಹೊಳೀತಿದೆಯಲ್ಲ, ಇಷ್ಟು ಮಾತ್ರ ಇವತ್ತಿಂದು.” ಕವರನ್ನು ಒಮ್ಮೆ ತಿರುಗಿಸಿ ನೋಡಿದ. “ಇದಿಲ್ದಿದ್ರೆ ಆವತ್ತೇ ಕಾಣ್ತಿತ್ತು. ನಿಮ್ಮ ಹೊಲಿಗೆ ಮಾತ್ರ ಬಿಡಿ, ಒಂದು ಎಳೇನೂ ಕಿತ್ತಿಲ್ಲ.”

“ಬೆಸುಗೆ ಹಾಕಿದ್ರೆ?”

“ಇಂಥಾ ತೆಳು ಕೊಳವೆಗಾ? ಮನೇಲಿಟ್ಕೊಳ್ಳಿ.”

ಮರುದಿನ ಅಂಗಡಿಗೆ ಆಸ್ಪತ್ರೆಯ ಸೆಕ್ಯೂರಿಟಿಯವನು ಬಂದ. ಒಗೆದ ಮೇಲೆ ಪ್ಯಾಂಟು ಮೇಲೆ ಹೋಗಿದೆಯಂತೆ. ಮಡಿಕೆ ಬಿಚ್ಚಿ ಇಳಿಸಿಕೊಡಬೇಕಂತೆ.

ಮಾಸ್ಟರ್ ಕಾಲಿನ ತುದಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ. “ಒಳಗೆ ಬಟ್ಟೆ ಇಲ್ಲ” ಎಂದ.

ಕಾಜಾ ಹೊಲಿಯುತ್ತಿದ್ದ ಹೆಂಡತಿ ಎದ್ದು ಬಂದು ಪ್ಯಾಂಟು ತೆಗೆದುಕೊಂಡು ತುದಿ ಮಗುಚಿದಳು. ಗಂಡನ ಮುಖ ನೋಡಿ ದನಿ ತಗ್ಗಿಸಿದಳು. “ಎರಡಿಂಚಿದೆಯಲ್ಲ ರೀ. ಹೋದ ವರ್ಷ ನೀವೇ ಬಿಟ್ಟಿದ್ದು.”

“ಇದ್ರೆ ನೀನೇ ಇಳಿಸು.”

ಅವಳು ಬ್ಲೇಡು ಹುಡುಕಿದಳು. ಮೊದಲ ಎಳೆ ‘ಕಿಟ್’ ಎಂದು ಬಿಟ್ಟಿತು. ಮಾಸ್ಟರ್ ಕೊರಳ ಟೇಪು ತೆಗೆದು ಮೇಜಿನ ಮೇಲೆ ಹಾಕಿ, ಗಿರಾಕಿ ಕೂತಿದ್ದಾನೆಂಬುದನ್ನೂ ಮರೆತು ಹೊರಗೆ ಹೋದ.